ಮನೆಯಲ್ಲಿ ಕನ್ನಡ ನಿಲ್ಲಿಸಿದರೆ ಮಗ ಓದಲು ಕಲಿತಾನೆಯೇ?

ಅಕ್ಕ, ನಾವಿರುವುದು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ. ಊರು ಕುಂದಾಪುರದ ಕಡೆ. ಮಗನಿಗೆ ಆರೂವರೆ ವರ್ಷ, ಇಂಗ್ಲಿಷ್ ಮಾಧ್ಯಮದಲ್ಲಿ ಒಂದನೇ ತರಗತಿ. ಪುಸ್ತಕ ಕೊಟ್ಟರೆ ಇಡೀ ಪುಟ ಗಡಗಡ ಹೇಳುತ್ತಾನೆ. ಚಿತ್ರದ ಮೇಲೆ ಕೈಯಿಟ್ಟರೆ ಒಂದು ಶಬ್ದವೂ ಬರುವುದಿಲ್ಲ. ‘ಬೀ ಏ ಟೀ’ ಎಂದು ಸರಿಯಾಗಿ ಹೇಳಿ, ಕೊನೆಗೆ ‘ಬಾಲ್’ ಅನ್ನುತ್ತಾನೆ. ಪಾಲಕರ ಸಭೆಯಲ್ಲಿ ಟೀಚರ್ ‘ಮನೆಯಲ್ಲೂ ಇಂಗ್ಲಿಷ್ ಮಾತಾಡಿ’ ಎಂದರು. ಅಂದಿನಿಂದ ನನ್ನ ಗಂಡ ಮನೆಯಲ್ಲಿ ಕನ್ನಡವೇ ಬೇಡ ಎಂದು ಹಟ ಹಿಡಿದಿದ್ದಾರೆ. ಮಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಹೋಟೆಲಿನಲ್ಲಿ ದುಡಿಯುತ್ತಾ ಮುಂಬಯಿಯ ಫೋರ್ಟಿನ ರಾತ್ರಿ ಶಾಲೆಯಲ್ಲಿ ಓದು ಕಲಿತವರು. ದಿನಾ ರಾತ್ರಿ ಮೊಮ್ಮಗನಿಗೆ ಕಥೆ ಹೇಳುತ್ತಿದ್ದರು, ಈಗ ಅವನ ಹತ್ತಿರ ಮಾತೇ ಆಡುವುದಿಲ್ಲ. ಕಳೆದ ವಾರ ಸಿಟ್ಟು ತಡೆಯದೆ ಮಗನ ಅಂಗೈಗೆ ಸ್ಕೇಲಿನಿಂದ ಹೊಡೆದೆ. ಈಗ ಪುಸ್ತಕ ತೆಗೆದರೆ ಹೊಟ್ಟೆನೋವು ಅನ್ನುತ್ತಾನೆ. ನಮ್ಮ ಕನ್ನಡವೇ ಅವನಿಗೆ ಅಡ್ಡ ಬಂತೇ? ಅವನಲ್ಲೇ ಏನಾದರೂ ದೋಷ ಇದೆಯೇ?
– ಹೆಸರು ಬೇಡ, ಡೊಂಬಿವಲಿ

ತಂಗಿ, ಮೊದಲು ಆ ಸ್ಕೇಲನ್ನು ಕಣ್ಣಿಗೆ ಬೀಳದ ಕಡೆ ಇಡಿ. ಹೊಟ್ಟೆನೋವು ನೆಪವಲ್ಲ, ಹೆದರಿದ ಮಗುವಿಗೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಮಗನನ್ನು ಹತ್ತಿರ ಕೂರಿಸಿಕೊಂಡು ‘ಹೊಡೆದದ್ದು ಅಮ್ಮನ ತಪ್ಪು, ಇನ್ನು ಹೊಡೆಯುವುದಿಲ್ಲ’ ಎಂದು ಹೇಳಿ. ಒಂದು ವಾರ ಪಠ್ಯಪುಸ್ತಕ ಮುಟ್ಟಬೇಡಿ. ಆ ಒಂದು ವಾರದಿಂದ ಅವನೇನೂ ಹಿಂದೆ ಬೀಳುವುದಿಲ್ಲ.

ಇಪ್ಪತ್ತೆಂಟು ವರ್ಷ ಸಣ್ಣ ಮಕ್ಕಳಿಗೆ ಪಾಠ ಮಾಡಿದವಳು ನಾನು. ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಒಂದು ದಿನ ಓದುವಾಗ ಎರಡು ಹಾಳೆ ಒಟ್ಟಿಗೇ ಮಗುಚಿಕೊಂಡವು. ಅವಳು ಮಾತ್ರ ನಿಲ್ಲಿಸದೆ, ತೆರೆಯದೇ ಉಳಿದ ಪುಟದ ಸಾಲುಗಳನ್ನೇ ಹೇಳುತ್ತಾ ಹೋದಳು. ಎಲ್ಲರೆದುರು ನಿಲ್ಲಿಸಿ ಬೈದೆ. ಅವಳಿಗೆ ಕಂಠಪಾಠ ಬರುತ್ತಿತ್ತು, ಓದಲು ನಾನು ಕಲಿಸಿರಲಿಲ್ಲ. ಅವಳ ಬಗ್ಗಿದ ತಲೆ ಇವತ್ತಿಗೂ ಕಣ್ಣಮುಂದಿದೆ. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಮಗನ ನೆನಪಿನ ಶಕ್ತಿ ಚೆನ್ನಾಗಿದೆ, ಅವನು ಅದನ್ನೇ ನೆಚ್ಚಿಕೊಂಡಿದ್ದಾನೆ. ‘ಬೀ ಏ ಟೀ’ ಎನ್ನುವುದು ಅಕ್ಷರಗಳ ಹೆಸರು. ಆ ಹೆಸರುಗಳನ್ನು ಎಷ್ಟು ಸಲ ಒಟ್ಟಿಗೆ ಹೇಳಿದರೂ ‘ಬ್ಯಾಟ್’ ಆಗುವುದಿಲ್ಲ. ಹೆಸರಿನ ಹಿಂದಿರುವ ಧ್ವನಿ ಗೊತ್ತಿರಬೇಕು. ಇಂಗ್ಲಿಷಿನಲ್ಲಿ ಅಕ್ಷರ 26, ಧ್ವನಿಗಳು ಸುಮಾರು 44. ನಮ್ಮಲ್ಲಿ ‘ಕ’ದ ಹೆಸರೂ ಕ, ಧ್ವನಿಯೂ ಕ. ಇಂಗ್ಲಿಷಿನಲ್ಲಿ ಆ ಅನುಕೂಲವಿಲ್ಲ. ಹೇಳಿಕೊಡದಿದ್ದರೆ ಮಗುವಿಗೆ ಅದು ತಾನಾಗಿ ಹೊಳೆಯುವುದೂ ಇಲ್ಲ.

ಈಗ ಕನ್ನಡದ ಮಾತಿಗೆ ಬರುತ್ತೇನೆ. ಒಂದು ಶಬ್ದದಲ್ಲಿರುವ ಧ್ವನಿಗಳನ್ನು ಬಿಡಿಬಿಡಿಯಾಗಿ ಕೇಳಿಸಿಕೊಳ್ಳುವ ಕಿವಿ ಬೆಳೆಯದೆ ಓದು ಬರುವುದಿಲ್ಲ. ಆ ಕಿವಿಯನ್ನು ಬೆಳೆಸುವ ಸಾಮಾನು ನಿಮ್ಮ ಮಾವನ ಬಾಯಲ್ಲೇ ಇದೆ. ಪುಸ್ತಕದ ಕನ್ನಡದಲ್ಲಿ ಹಾಲು, ಕಾಲು, ನೀರು, ಮೀನು. ಕುಂದಾಪ್ರ ಕನ್ನಡದಲ್ಲಿ ಹಾಲ್, ಕಾಲ್, ನೀರ್, ಮೀನ್. ಕೊನೆಯ ‘ಉ’ ಬಿದ್ದುಹೋಗಿ ವ್ಯಂಜನದಲ್ಲೇ ನಿಂತ ಶಬ್ದಗಳು ಇವು. ಬ್ಯಾಟ್, ಪಿನ್, ಕಪ್ ಎಂಬ ಇಂಗ್ಲಿಷ್ ಶಬ್ದಗಳ ಕಟ್ಟೂ ಇದೇ. ಅಜ್ಜ ‘ಮ್… ಈ… ನ್’ ಎಂದು ಎಳೆದು ಹೇಳಲಿ, ಮೊಮ್ಮಗ ಕೂಡಿಸಿ ‘ಮೀನ್’ ಅನ್ನಲಿ. ಮರುದಿನ ಮೊಮ್ಮಗ ಬಿಡಿಸಿ ಹೇಳಲಿ, ಅಜ್ಜ ಕೂಡಿಸಲಿ. ಇದಕ್ಕೆ ಪುಸ್ತಕ ಬೇಡ, ಪೆನ್ಸಿಲ್ ಬೇಡ. ಬಂಗುಡೆ ತೊಳೆಯುತ್ತಾ ನೀವೂ ಆಡಬಹುದು.

ಮೀನ್ ಬಂದವನಿಗೆ ‘ಪ್… ಇ… ನ್’ ಬರುತ್ತದೆ. ಆಗ ಇಂಗ್ಲಿಷಿನ ಎಸ್, ಏ, ಟೀ, ಪೀ, ಐ, ಎನ್ ಎಂಬ ಆರೇ ಅಕ್ಷರಗಳನ್ನು, ಹೆಸರಿನಿಂದಲ್ಲ, ಧ್ವನಿಯಿಂದ ತೋರಿಸಿ. ಈ ಆರರಲ್ಲಿ ಪಿನ್, ಟಿನ್, ಪ್ಯಾನ್, ಟ್ಯಾಪ್, ಸಿಪ್ ಹೀಗೆ ಹತ್ತಾರು ಶಬ್ದ ಹುಟ್ಟುತ್ತವೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡದಾಗಿ ಬರೆದು ಕತ್ತರಿಸಿಕೊಂಡರೆ ಸಾಕು. ಒಂದು ಅಕ್ಷರ ತೆಗೆದು ಇನ್ನೊಂದಿಟ್ಟರೆ ಪಿನ್ ಹೋಗಿ ಟಿನ್ ಆಯಿತು ಎಂದು ಅವನೇ ಕಾಣಬೇಕು. ಅಲ್ಲಿ ಚಿತ್ರ ಇರುವುದಿಲ್ಲ, ಊಹಿಸಲು ದಾರಿ ಇಲ್ಲ. ದಿನಕ್ಕೆ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚು ಬೇಡವೇ ಬೇಡ. ಅವನು ಇನ್ನೂ ಬೇಕು ಅನ್ನುತ್ತಿರುವಾಗಲೇ ನಿಲ್ಲಿಸಿ.

ನಿಮ್ಮ ಯಜಮಾನರಿಗೆ ಇಷ್ಟು ಹೇಳಿ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಓದನ್ನು ಒಂದು ಗುಣಾಕಾರದ ಲೆಕ್ಕದಂತೆ ವಿವರಿಸಿದರು: ಅಕ್ಷರ ಬಿಡಿಸುವ ಶಕ್ತಿ ಒಂದು, ಮಾತು ಅರ್ಥವಾಗುವ ಶಕ್ತಿ ಇನ್ನೊಂದು. ಎರಡರಲ್ಲಿ ಒಂದು ಸೊನ್ನೆಯಾದರೂ ಗುಣಲಬ್ಧ ಸೊನ್ನೆಯೇ. ಮಾತು ಅರ್ಥವಾಗುವ ಶಕ್ತಿ ಬೆಳೆಯುವುದು ಕಥೆಯಲ್ಲಿ, ಪ್ರಶ್ನೆಯಲ್ಲಿ, ‘ಆಮೇಲೆ ಏನಾಯ್ತು ಅಜ್ಜ’ ಎಂಬಲ್ಲಿ. ಕಥೆಯ ಜಾಡು ಹಿಡಿಯುವುದನ್ನು, ಮುಂದೇನಾದೀತು ಎಂದು ಯೋಚಿಸುವುದನ್ನು ಒಂದು ಭಾಷೆಯಲ್ಲಿ ಕಲಿತ ಮಗು ಇನ್ನೊಂದು ಭಾಷೆಗೂ ಅದನ್ನು ಒಯ್ಯುತ್ತದೆ. ಕನ್ನಡ ಬಿಟ್ಟು ನೀವಿಬ್ಬರೂ ‘ಕಮ್, ಈಟ್, ಸ್ಲೀಪ್’ ಅಂದುಕೊಂಡು ದಿನ ದೂಡಿದರೆ ಅವನಿಗೆ ಸಿಗುವುದು ನಾಲ್ಕು ಅಪ್ಪಣೆಗಳು. ಅಷ್ಟರಿಂದ ಯಾವ ಭಾಷೆಯೂ ಬೆಳೆಯದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ, ಸಾಧ್ಯವಿದ್ದ ಕಡೆಯೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲೇ ಪಾಠ ನಡೆಯಲಿ ಎನ್ನುತ್ತದೆ.

ಟೀಚರ್ ಮೇಲೆ ಕೋಪ ಬೇಡ. ತುಂಬಿದ ತರಗತಿಯಲ್ಲಿ ಅವರಿಗೆ ತೋಚಿದ್ದು ಹೇಳಿದ್ದಾರೆ. ಅಕ್ಷರಗಳನ್ನು ಧ್ವನಿಯಿಂದ ಕಲಿಸುವ ಕ್ರಮಕ್ಕೆ ಫೋನಿಕ್ಸ್ ಎನ್ನುತ್ತಾರೆ. ಒಬ್ಬರೇ ಹೋಗಿ ಕೇಳಿ: ‘ಫೋನಿಕ್ಸ್ ಯಾವ ಕ್ರಮದಲ್ಲಿ ಕಲಿಸುತ್ತೀರಿ? ಈ ವಾರದ ಶಬ್ದಗಳನ್ನು ಬರೆದುಕೊಡುತ್ತೀರಾ?’ ಕೇಳಿದ್ದಕ್ಕೆ ಬೇಸರಪಡುವ ಟೀಚರ್ ಕಡಿಮೆ.

ನೀವು ಬರೆದಿಲ್ಲ, ಆದರೆ ಶಾಲೆಯಲ್ಲಿ ಮರಾಠಿಯೂ ಇದ್ದೇ ಇರುತ್ತದೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ಅದಕ್ಕೆ ಹೆದರಬೇಡಿ. ಅವರ ಬಾರಾಖಡಿ ನಮ್ಮ ಕಾಗುಣಿತವೇ. ಅವರು ಕಾನಾ, ವೇಲಾಂಟಿ ಅಂದದ್ದನ್ನು ನಾವು ಇಳಿ, ಗುಡಿಸು ಅನ್ನುತ್ತೇವೆ. ಡೊಂಬಿವಲಿ ಸ್ಟೇಷನ್ನಿನ ಇಂಡಿಕೇಟರಿನಲ್ಲಿ ಠಾಣೆ ಲೋಕಲ್ಲಿಗೆ ‘ಠಾ’ ಎಂದು ಬಂದರೆ, ‘ಠ’ಕ್ಕೆ ಕಾನಾ ಸೇರಿದರೆ ‘ಠಾ’ ಎಂದು ತೋರಿಸಿ. ಒಂದು ಲಿಪಿಯಲ್ಲಿ ಈ ಗುಟ್ಟು ತಿಳಿದರೆ ಇನ್ನೊಂದರಲ್ಲಿ ಅರ್ಧ ದಾರಿ ಸಾಗಿದಂತೆ. ವ್ಯಂಜನ ಹಾಗೇ ಇದೆ, ಸ್ವರ ಬದಲಾಗುತ್ತಿದೆ ಎಂಬುದನ್ನು ಕಾಗುಣಿತದಷ್ಟು ನಿಚ್ಚಳವಾಗಿ ತೋರಿಸುವ ಸಾಧನ ನಾನಂತೂ ಬೇರೆ ಕಂಡಿಲ್ಲ.

ಹಾಗೆಂದು ಮೂರು ಲಿಪಿಗಳನ್ನೂ ರಾತ್ರಿ ಊಟದ ಮುಂಚೆ ಕಲಿಸಲು ಕೂರಬೇಡಿ. ಕನ್ನಡ ಸದ್ಯಕ್ಕೆ ಕಿವಿಗೆ, ಬಾಯಿಗೆ ಇರಲಿ. ಇಂಗ್ಲಿಷಿನ ಭಯ ಹೋದ ಮೇಲೆ ಕನ್ನಡ ಬರಹ ಶುರುಮಾಡಿ. ಅ ಆ ಇ ಈ ಎಂದು ನಲವತ್ತೊಂಬತ್ತನ್ನೂ ಸಾಲಾಗಿ ತಿದ್ದಿಸಬೇಕಿಲ್ಲ. ಕರ್ನಾಟಕದ ಒಂದನೇ ತರಗತಿಯಲ್ಲಿ ‘ರ ಗ ಸ ದ ಅ’ ಎಂದು ಆರಂಭಿಸುತ್ತಾರೆ. ಐದೇ ಅಕ್ಷರ, ಆಗಲೇ ಸರ, ದರ, ಅರಸ, ಗರಗಸ ಓದಲು ಬರುತ್ತದೆ. ಅಲ್ಲಿಂದ ಮುಂದೆ ನಿಧಾನವೇ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಅಕ್ಷರಗಳು ಪೂರ್ತಿ ಕೈಗೆ ಹತ್ತಲು ಕೆಲವು ವರ್ಷಗಳೇ ಬೇಕು ಎಂದು ತೋರಿಸಿತು. ಒತ್ತಕ್ಷರ ತಡವಾದರೆ ಅವನು ದಡ್ಡನೆಂದಲ್ಲ.

ಪುಸ್ತಕ ಬೇಕಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ, ಎಷ್ಟೋ ಕಥೆಗಳು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಇವೆ. ಅಪ್ಪ ಒಂದು ದಿನ ಇಂಗ್ಲಿಷಿನಲ್ಲಿ ಓದಲಿ. ಓದಿ ಹೇಳುವಾಗ ‘ಇದೇನು, ಹೇಳು’ ಎಂದು ಪರೀಕ್ಷೆ ಮಾಡದಿದ್ದರೆ ಸಾಕು.

ದೋಷದ ಮಾತು. ಮೊದಲು ಕಣ್ಣು, ಕಿವಿ ತಪಾಸಣೆ ಮಾಡಿಸಿ. ಧ್ವನಿಯ ದಾರಿಯಲ್ಲಿ ಯಾರೂ ಕಲಿಸದ ಆರೂವರೆಯ ಮಗುವಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯುವ ತೊಂದರೆ, ಎಂದು ಈಗಲೇ ಹೆಸರಿಡಲಾಗದು. ತಿಂಗಳುಗಟ್ಟಲೆ ದಿನಾ ಕಲಿಸಿದರೂ ಮೂರು ಧ್ವನಿ ಕೂಡಿಸಲು ಆಗದಿದ್ದರೆ, ಮನೆತನದಲ್ಲಿ ಬೇರೆ ಯಾರಿಗಾದರೂ ಓದು ಕಷ್ಟವಾಗಿದ್ದರೆ, ಎರಡನೇ ತರಗತಿ ಮುಗಿಯುವವರೆಗೆ ಸುಮ್ಮನಿರಬೇಡಿ. ಮುಂಬಯಿಯ ಸಯನ್ ಮತ್ತು ನಾಯರ್ ಆಸ್ಪತ್ರೆಗಳಲ್ಲಿ ಕಲಿಕೆಯ ತೊಂದರೆಗಳನ್ನು ಪರೀಕ್ಷಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ, ಹಾಗಾಗಿ ಶಾಲೆಯಲ್ಲಿ ನೆರವು ಕೇಳಲು ಸಂಕೋಚ ಬೇಡ.

ಇನ್ನು ನಿಮ್ಮ ಮಾವ. ದಿನವಿಡೀ ತಟ್ಟೆ ಲೋಟ ಎತ್ತಿ, ರಾತ್ರಿ ನಿದ್ದೆಗಣ್ಣಲ್ಲಿ ಅಕ್ಷರ ಕೂಡಿಸಿ ಕಲಿತವರಿಗೆ ಮೊಮ್ಮಗನ ಪಾಡು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ನೀವೇ ಹೋಗಿ ಕರೆಯಿರಿ, ಗಂಡನ ಎದುರಿಗೇ ಕರೆಯಿರಿ: ‘ಮಾವ, ಇವತ್ತು ರಾತ್ರಿಯಿಂದ ಕಥೆ ನಿಮ್ಮದೇ.’