ಚಿಲಕದ ಸದ್ದಿಗೆ ಮಗ ಚೀರುತ್ತಾನೆ

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಆಟಿಸಂ ಇದೆ, ಮಾತು ಕಡಿಮೆ. ಮೂರು ತಿಂಗಳ ಹಿಂದೆ, ಗಲಾಟೆ ಮಾಡಿದನೆಂದು ಶಾಲೆಯಲ್ಲಿ ಅವನನ್ನು ಕೋಣೆಯೊಂದರಲ್ಲಿ ಕೂಡಿಹಾಕಿದ್ದರಂತೆ. ಅಂದಿನಿಂದ ಯೂನಿಫಾರ್ಮ್ ಕಂಡರೆ ಓಡುತ್ತಾನೆ, ಚಿಲಕದ ಸದ್ದಿಗೆ ಚೀರಿ ಕೈ ಕಚ್ಚಿಕೊಳ್ಳುತ್ತಾನೆ, ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ. ‘ಸುಮ್ನೆ ಕೂತ್ಕೋ’ ಎಂದು ಮತ್ತೆ ಮತ್ತೆ ಹೇಳಿಕೊಳ್ಳುತ್ತಾನೆ. ಮನೆಯವರು ಆಟಿಸಂ ಹೆಚ್ಚಾಗಿದೆ ಎನ್ನುತ್ತಾರೆ. ಏನು ಮಾಡಲಿ?
— ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ಇದು ಆಟಿಸಂ ಹೆಚ್ಚಾದ ಲಕ್ಷಣವಾಗಿರಲಾರದು. ರೂಢಿಯಾಗಿದ್ದ ಅಭ್ಯಾಸ ತಪ್ಪಿ, ಯಾವುದೋ ಒಂದು ಸದ್ದಿಗೆ, ಒಂದು ಬಟ್ಟೆಗೆ ಭಯ ಅಂಟಿಕೊಂಡಿದ್ದರೆ ಮೊದಲು ಮನಸ್ಸಿಗಾದ ಆಘಾತವನ್ನೇ ಶಂಕಿಸಬೇಕು. ಇಂಥ ಮಕ್ಕಳಲ್ಲಿ ಎಲ್ಲವನ್ನೂ ಆಟಿಸಂ ಖಾತೆಗೆ ಬರೆದುಬಿಡುವುದರಿಂದಲೇ ಎಷ್ಟೋ ನೋವು ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಸದ್ದು, ಬೆಳಕು, ಸ್ಪರ್ಶಗಳು ಬಹಳ ತೀವ್ರವಾಗಿ ತಟ್ಟುವ ಮಗುವಿಗೆ, ಮುಂದೇನಾಗುವುದೆಂದು ತಿಳಿಯದೆ ಮುಚ್ಚಿದ ಕೋಣೆಯಲ್ಲಿ ಕಳೆದ ಸ್ವಲ್ಪ ಹೊತ್ತೂ, ದೊಡ್ಡವರು ಊಹಿಸಲಾರದಷ್ಟು ಭೀಕರವಾಗಿರಬಹುದು.

‘ಸುಮ್ನೆ ಕೂತ್ಕೋ’ ಎಂಬ ಮಾತನ್ನು ದಯವಿಟ್ಟು ಅರ್ಥವಿಲ್ಲದ ಪುನರುಚ್ಚಾರವೆಂದು ತಳ್ಳಿಹಾಕಬೇಡಿ. ಕೇಳಿದ ಮಾತನ್ನೇ ಮರಳಿ ಆಡುವುದು ಹಲವು ಆಟಿಸ್ಟಿಕ್ ಮಕ್ಕಳು ಅನುಭವವನ್ನು ಹೇಳಿಕೊಳ್ಳುವ ಬಗೆ. ಅಂದು ಆ ಕೋಣೆಯಲ್ಲಿ ಕೇಳಿದ್ದನ್ನೇ ಅವನು ನಿಮಗೆ ಹೇಳುತ್ತಿರಬಹುದು. ಆಗ ‘ಏನಾಯ್ತು, ಯಾರು ಮಾಡಿದ್ದು’ ಎಂದು ಕೆದಕದೆ, ‘ಈಗ ಮನೆಯಲ್ಲಿದ್ದೀಯ, ಬಾಗಿಲು ತೆರೆದಿದೆ’ ಎಂದು ಮೆಲ್ಲನೆ ಹೇಳಿ, ತೆರೆದ ಬಾಗಿಲನ್ನು ತೋರಿಸಿ. ಅವನು ಬಳಸುವ ಕೋಣೆಗಳ ಒಳಚಿಲಕವನ್ನು ಕೆಲಕಾಲ ತೆಗೆಸಿಬಿಡಿ. ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಮುಂಚಿತವಾಗಿ ತೋರಿಸಿದರೆ ಮುಂದಿನದು ಗೊತ್ತಿದೆಯೆಂಬ ನೆಮ್ಮದಿ ಸಿಗುತ್ತದೆ. ಚೀರುವಾಗ ಬಲವಂತವಾಗಿ ಹಿಡಿಯಬೇಡಿ, ಏಕೆಂದರೆ ಆ ಹಿಡಿತವೇ ಅವನನ್ನು ಮತ್ತೆ ಆ ಕೋಣೆಗೆ ಒಯ್ಯಬಹುದು. ಕೈ ಕಚ್ಚಿಕೊಂಡರೆ ಮೆತ್ತನೆಯ ದಿಂಬನ್ನು ನಡುವೆ ಇಡಿ. ಅವನು ಕೈಯಾಡಿಸುವುದು, ತೂಗಾಡುವುದು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ದಾರಿ, ಅದನ್ನು ತಡೆಯಬೇಡಿ.

ಹಾಸಿಗೆ ಒದ್ದೆಯಾಗುವುದಕ್ಕೆ, ಕೈ ಕಚ್ಚಿಕೊಳ್ಳುವುದಕ್ಕೆ ದೇಹದ ತೊಂದರೆಯೂ ಕಾರಣವಿರಬಹುದು; ಮಲಬದ್ಧತೆ, ಹಲ್ಲುನೋವು, ಮೂತ್ರದ ಸೋಂಕುಗಳಿವೆಯೇ ಎಂದು ವೈದ್ಯರಲ್ಲಿ ಪರೀಕ್ಷೆ ಮಾಡಿಸಿ. ಬಳಿಕ ಆಟಿಸಂ ಬಲ್ಲ ಮಕ್ಕಳ ಮನೋವೈದ್ಯರನ್ನು ಕಾಣಿ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವಿದೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ನೀವೂ ಮಾತನಾಡಬಹುದು, ಮೂರು ತಿಂಗಳಿಂದ ನಿಮಗೂ ನಿದ್ದೆ ಇದ್ದಿರಲಾರದು.

ಇನ್ನು ಶಾಲೆಯ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ನಡೆದದ್ದನ್ನು ದಿನಾಂಕಸಹಿತ ಬರೆದು ಮುಖ್ಯೋಪಾಧ್ಯಾಯರಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗೂ ಕೊಡಿ. ಇನ್ನೆಂದೂ ಕೂಡಿಹಾಕುವುದಿಲ್ಲವೆಂದು ಅವರು ಲಿಖಿತವಾಗಿ ಒಪ್ಪುವವರೆಗೆ ಅವನಿಗೆ ಆ ಯೂನಿಫಾರ್ಮ್ ತೊಡಿಸಬೇಡಿ.