ಎಂಬಿಬಿಎಸ್ ಇಲ್ದೆ ಮೆಡಿಕಲ್ ಕಾಲೇಜಲ್ಲಿ ಪಾಠ ಮಾಡಬಹುದಾ?

ಪ್ರಶ್ನೆ: ಸಾರ್, ಬಯೋಕೆಮಿಸ್ಟ್ರಿಲಿ ಪಿಎಚ್‌ಡಿ ಮುಗಿಸಿ ಆರು ವರ್ಷದಿಂದ ಲ್ಯಾಬಲ್ಲೇ ಇದೀನಿ, ಪ್ರತಿವರ್ಷ ಪ್ರಾಜೆಕ್ಟ್ ಎಕ್ಸ್‌ಟೆನ್ಷನ್ ಬರುತ್ತೋ ಇಲ್ವೋ ಅಂತ ಕಾಯೋದೇ ಆಯ್ತು. ಜೂನಿಯರ್‌ಗಳಿಗೆ ಹೇಳ್ಕೊಡೋದಂದ್ರೆ ಖುಷಿ. ಮೆಡಿಕಲ್ ಕಾಲೇಜಿಗೆ ಹೋಗ್ತೀನಿ ಅಂದ್ರೆ ಮನೇಲಿ ‘ಎಂಬಿಬಿಎಸ್ ಇಲ್ದೋರನ್ನ ಯಾರು ತಗೋತಾರೆ’ ಅಂತಾರೆ. ನಿಜಾನಾ?
— ಹೆಸರು ಬೇಡ, ಬೆಂಗಳೂರು

ಉತ್ತರ: ಅರ್ಧ ನಿಜ. ನಿಮ್ಮ ಎಂಎಸ್ಸಿ ಯಾವುದು ಅಂತ ನೀವು ಬರೆದೇ ಇಲ್ಲ ನೋಡಿ, ಎಲ್ಲಾ ಇರೋದೇ ಅದರಲ್ಲಿ. ಮೆಡಿಕಲ್ ಕಾಲೇಜಲ್ಲಿ ಮಾಡೋ ಮೂರು ವರ್ಷದ ಮೆಡಿಕಲ್ ಎಂಎಸ್ಸಿ ಬೇರೆ, ಯೂನಿವರ್ಸಿಟಿಯ ಎರಡು ವರ್ಷದ್ದು ಬೇರೆ. ಮೆಡಿಕಲ್ ಕಾಲೇಜುಗಳಿಗೆ ನಿಯಮ ಮಾಡೋ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಕೇಳೋದು ಮೊದಲನೇದನ್ನ, ಜೊತೆಗೆ ಅದೇ ಸಬ್ಜೆಕ್ಟಲ್ಲಿ ಪಿಎಚ್‌ಡಿ. ಹಿಂದೆ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಅರ್ಧದಷ್ಟು ಜನ ಇಂಥೋರೇ ಇರಬಹುದಿತ್ತು, 2020ರಲ್ಲಿ ಅದನ್ನ ಶೇ. 15ಕ್ಕೆ ಇಳಿಸಿ ಫಾರ್ಮಕಾಲಜಿ, ಮೈಕ್ರೋಬಯಾಲಜಿ ಬಾಗಿಲು ಪೂರ್ತಿ ಹಾಕಿಬಿಟ್ರು, 2025ರಲ್ಲಿ ಆ ಎರಡು ಬಾಗಿಲನ್ನೂ ಮತ್ತೆ ತೆರೆದ್ರು. ಹೀಗೆ ನಿಯಮ ಹಾಕ್ತಾ ತೆಗೀತಾ ಇರೋವಾಗ ಹಳೇ ನೋಟಿಫಿಕೇಷನ್ ನಂಬ್ಕೊಂಡು ರಾಜೀನಾಮೆ ಕೊಡಬೇಡಿ.

ಕೆಲಸ ಸಿಕ್ಕಮೇಲೂ ಲ್ಯಾಬ್ ಬುದ್ಧಿ ಸ್ವಲ್ಪ ಬದಲಾಯಿಸ್ಕೋಬೇಕು. ಎಚ್‌ಎಂಪಿ ಶಂಟ್‌ನ (ಜೀವಕೋಶ ಗ್ಲೂಕೋಸ್ ಬಳಸೋ ಒಂದು ದಾರಿ) ಎಂಜೈಮ್ ಎಂಜೈಮ್ ಹಿಡಿದು ಬೋರ್ಡ್ ತುಂಬಾ ಬರೆದ್ರೆ ಫಸ್ಟ್ ಇಯರ್ ಹುಡುಗರು ಆಕಳಿಸ್ತಾರೆ. ಅದೇ, ಮಂಗಳೂರಲ್ಲಿ ವೈವಾಕ್ಸ್ ಮಲೇರಿಯಾ ಆದೋರಿಗೆ ಪ್ರೈಮಾಕ್ವಿನ್ ಮಾತ್ರೆ ಕೊಡೋ ಮುಂಚೆ ಜಿ6ಪಿಡಿ (ಆ ಶಂಟ್‌ನ ಮೊದಲ ಎಂಜೈಮ್) ಟೆಸ್ಟ್ ಯಾಕೆ ಅಂತ ಶುರು ಮಾಡಿ: ಕೆಂಪು ರಕ್ತಕಣಕ್ಕೆ ಮೈಟೋಕಾಂಡ್ರಿಯಾ ಇಲ್ಲ, ತನ್ನನ್ನ ಕಾಪಾಡೋ ಎನ್‌ಎಡಿಪಿಎಚ್‌ಗೆ ಈ ಶಂಟನ್ನೇ ನಂಬ್ಕೊಂಡಿದೆ, ಆ ಎಂಜೈಮೇ ಕಮ್ಮಿ ಇದ್ರೆ ಮಾತ್ರೆ ಹೊಟ್ಟೆಗೆ ಹೋದ್ಮೇಲೆ ಕಣಗಳು ಒಡೀತಾವೆ, ಮೂತ್ರ ಕಪ್ಪಾಗುತ್ತೆ. ಈಗ ಬೋರ್ಡ್ ಮೇಲೆ ಬರೀರಿ, ಯಾರೂ ಆಕಳಿಸಲ್ಲ. 2019ರಿಂದ ಬಂದಿರೋ ಸಿಬಿಎಂಇ (ಸಾಮರ್ಥ್ಯ ಆಧಾರಿತ ಮೆಡಿಕಲ್ ಶಿಕ್ಷಣ) ಸಿಲಬಸ್ ಕೇಳೋದೂ ಇದನ್ನೇ, ಮೊದಲ ವರ್ಷದಿಂದಲೇ ರೋಗಿ ಕಣ್ಣಮುಂದೆ ಇರಬೇಕು ಅಂತ.

ಇನ್ನೊಂದು ದಾರಿನೂ ಇದೆ, ನಮ್ಮಲ್ಲಿ ಅಷ್ಟಾಗಿ ಯಾರೂ ಮಾತಾಡಲ್ಲ: ಡಾಕ್ಟರ್‌ಗಳು ಕಲಿಯೋದು ಹೇಗೆ ಅನ್ನೋದನ್ನೇ ರಿಸರ್ಚ್ ಮಾಡೋದು. ಕೆನಡಾದ ಮೆಕ್‌ಮಾಸ್ಟರ್ ಯೂನಿವರ್ಸಿಟಿಲಿ ಜೆಫ್ ನಾರ್ಮನ್ ಅಂತ ಒಬ್ರು, ಪಿಎಚ್‌ಡಿ ಮಾಡಿದ್ದು ನ್ಯೂಕ್ಲಿಯರ್ ಫಿಸಿಕ್ಸಲ್ಲಿ! ಆಮೇಲೆ ಅಲ್ಲೇ ಮೆಡಿಕಲ್ ಎಜುಕೇಷನ್‌ಗೆ ಬಂದು, 2008ರಲ್ಲಿ ಆ ಕ್ಷೇತ್ರದ ರಿಸರ್ಚ್‌ಗೆ ಸ್ವೀಡನ್‌ನ ಕರೋಲಿನ್ಸ್ಕಾ ಸಂಸ್ಥೆ ಕೊಡೋ ಪ್ರಶಸ್ತಿ ತಗೊಂಡ್ರು. ಒಂದು ಕೇಸನ್ನ ಚೆನ್ನಾಗಿ ಬಿಡಿಸಿದ ವಿದ್ಯಾರ್ಥಿ ಇನ್ನೊಂದು ಕೇಸನ್ನೂ ಬಿಡಿಸ್ತಾನೆ ಅಂತೇನಿಲ್ಲ, ಬೇಕಾಗಿರೋದು ಆಯಾ ರೋಗದ ತಿಳಿವಳಿಕೆ ಅನ್ನೋ ವಾದಕ್ಕೆ ಡೇಟಾ ಒದಗಿಸಿದೋರಲ್ಲಿ ಇವರೂ ಒಬ್ರು. ಅಳೆಯೋ ಚಾಳಿ ಲ್ಯಾಬಿಂದ ಬಂದದ್ದು, ಅದು ನಿಮಗೂ ಇದ್ದೇ ಇರುತ್ತೆ.

ಸದ್ಯಕ್ಕೆ, ಗೊತ್ತಿರೋ ಮೆಡಿಕಲ್ ಕಾಲೇಜಲ್ಲಿ ಒಂದೆರಡು ಗೆಸ್ಟ್ ಲೆಕ್ಚರ್ ಕೇಳ್ಕೊಂಡು ಮಾಡಿ ನೋಡಿ. ಲ್ಯಾಬಲ್ಲಿ ಜೂನಿಯರ್‌ಗಳು ಇಬ್ರೋ ಮೂವರೋ ಇರ್ತಾರೆ, ಅಲ್ಲಿ ಕೂತಿರೋರು ನೂರೈವತ್ತು. ಅದಾದ್ಮೇಲೂ ಖುಷಿ ಹಾಗೇ ಇದ್ರೆ ಇನ್ನೊಂದು ಕಾಗದ ಹಾಕಿ, ಈ ಸಲ ಎಂಎಸ್ಸಿ ಯಾವುದು ಅಂತ ಮರೀದೆ ಬರೀರಿ.