ಹಳೇ ಮಾರುಕಟ್ಟೆ ಕೆಡವಿದರೆ ಏನು ತಪ್ಪು?

ಪ್ರಶ್ನೆ: ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ದ್ವಾರ ಬಿತ್ತು. ಇನ್ನೂ ಯಾಕೆ ಉಳಿಸಬೇಕು? ಕೆಡವಿ ಹೊಸದು ಕಟ್ಟಬಾರದಾ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಭಯ ನ್ಯಾಯವಾದದ್ದೇ. ಜೀವಕ್ಕಿಂತ ಗೋಡೆ ದೊಡ್ಡದಲ್ಲ, ಅಪಾಯವಿದ್ದರೆ ಮೊದಲು ಜನರನ್ನು ಹೊರಗೆ ಕಳಿಸಿ ಕಟ್ಟಡಕ್ಕೆ ಆಸರೆ ಕೊಡಲೇಬೇಕು. ಆದರೆ ಇಂಥ ಕಟ್ಟಡ ಬರೀ ವಯಸ್ಸಾಗಿ ಬೀಳುವುದು ಕಡಿಮೆ. ಸೂರಿನ ನೀರು ಹೋಗುವ ಕೊಳವೆ ಕಟ್ಟಿಕೊಂಡಿರುತ್ತೆ, ಬಿರುಕಲ್ಲಿ ಅರಳಿ ಗಿಡ ಬೇರು ಬಿಟ್ಟಿರುತ್ತೆ, ಯಾರೂ ಕೀಳಲ್ಲ. ಸುಣ್ಣದ ಗಾರೆಯ ಗೋಡೆ ಹೀರಿದ ತೇವವನ್ನು ಹೊರಗೆ ಬಿಡುತ್ತೆ, ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿದು ಗೋಡೆ ಪುಡಿಯಾಗುತ್ತೆ. ದುರಸ್ತಿ ಅಂತ ಎಷ್ಟೋ ಕಡೆ ಮಾಡುವುದು ಇದನ್ನೇ, ನೋಡಿದರೆ ಸಂಕಟವಾಗುತ್ತೆ.

ಬೆಳಿಗ್ಗೆ ಒಮ್ಮೆ ಮಾರುಕಟ್ಟೆಯ ಒಳಗೆ ಹೋಗಿ. ಕುಂಕುಮದ ಗುಡ್ಡೆ, ಮಾರು ಲೆಕ್ಕದ ಮಲ್ಲಿಗೆ, ಗೊನೆ ಬಾಳೆಹಣ್ಣು. ಈ ವ್ಯಾಪಾರ ಕಾಂಪ್ಲೆಕ್ಸಿನ ಎರಡನೇ ಮಹಡಿ ಹತ್ತಲ್ಲ, ಅಲ್ವಾ? ಹಾಗಾಗಿ ನನ್ನ ಮಟ್ಟಿಗೆ, ಸುಣ್ಣದ ಕೆಲಸ ಬಲ್ಲ ಗಾರೆಯವರಿಂದಲೇ ರಿಪೇರಿ ಮಾಡಿಸಿ, ಪ್ರತಿ ಮಳೆಗಾಲಕ್ಕೆ ಮುಂಚೆ ಸೂರು ನೋಡಿಸಬೇಕು.